ಪರಂಪರೆ ಇರುವುದು ಮರದಲ್ಲೋ ಮನುಷ್ಯರಲ್ಲೋ?

ಅಮೆರಿಕದ ಅಲಾಸ್ಕಾ ರಾಜ್ಯದ ಆಗ್ನೇಯ ಕರಾವಳಿಯಲ್ಲಿ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನಾಂಗವಿದೆ. ಸೀಡರ್ ಮರವನ್ನು ಕೆತ್ತಿ ಕಂಬ, ಪೆಟ್ಟಿಗೆಗಳನ್ನು ಮಾಡುವುದು ಅವರ ಹಳೆಯ ಕಲೆ. ಅದೇ ಜನಾಂಗದ ಮೂಲದವರಾದ ಪ್ರೆಸ್ಟನ್ ಸಿಂಗಲ್ಟರಿ 1982ರಲ್ಲಿ ಸಿಯಾಟಲ್ ನಗರದಲ್ಲಿ ಗಾಜು ಊದುವ ಕೆಲಸಕ್ಕಿಳಿದರು. ಮೊದಲು ಯುರೋಪಿಯನ್ ಶೈಲಿಯಲ್ಲಿ ದುಡಿದ ಅವರು ಕೆಲವು ವರ್ಷಗಳ ಬಳಿಕ ತಮ್ಮ ಹಿರಿಯರ ವಿನ್ಯಾಸಗಳತ್ತ ತಿರುಗಿದರು. ಕರಗಿದ ಗಾಜನ್ನು ಕೊಳವೆಯಿಂದ ಊದಿ, ಒಂದು ಬಣ್ಣದ ಮೇಲೆ ಇನ್ನೊಂದರ ಪದರ ಕೂರಿಸುತ್ತಾರೆ. ತಣಿದ ಮೇಲೆ, ರಭಸದಿಂದ ಚಿಮ್ಮುವ ಮರಳಿನಿಂದ ಬೇಡವಾದ ಕಡೆ ಮೇಲ್ಪದರವನ್ನು ಸವೆಸುತ್ತಾರೆ. ಉಳಿಯ ಕೆಲಸವನ್ನು ಇಲ್ಲಿ ಮರಳು ಮಾಡುತ್ತದೆ.

ಮರವನ್ನೇ ಬಿಟ್ಟ ಮೇಲೆ ಇದು ಟ್ಲಿಂಗಿಟ್ ಕಲೆಯಾಗಿ ಉಳಿಯುತ್ತದೆಯೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮರದ ಜೊತೆ ಕಾಡಿನ ನೆನಪಿದೆ, ಕೈಯ ಅಭ್ಯಾಸವಿದೆ.

ಆದರೆ ಇನ್ನೊಂದು ಘಟನೆಯನ್ನು ನಾವು ಇದರ ಪಕ್ಕದಲ್ಲಿಟ್ಟು ನೋಡೋಣ. 1899ರಲ್ಲಿ ರೈಲು ಉದ್ಯಮಿ ಎಡ್ವರ್ಡ್ ಹ್ಯಾರಿಮನ್ ಜೊತೆ ಹಡಗಿನಲ್ಲಿ ಬಂದ ವಿದ್ವಾಂಸರ ತಂಡವು, ಕೇಪ್ ಫಾಕ್ಸ್ ಎಂಬ ಟ್ಲಿಂಗಿಟ್ ಹಳ್ಳಿಯಲ್ಲಿ ಜನರಿಲ್ಲದ್ದನ್ನು ಕಂಡು ಅಲ್ಲಿನ ಕಂಬಗಳನ್ನು ಕಿತ್ತು ಸಾಗಿಸಿತು. ಅವು ದೂರದ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಮರ ಅದೇ, ಕೆತ್ತನೆಯೂ ಅದೇ. ಆದರೆ ಅವು ಯಾರ ವಂಶದ ಕಥೆ ಹೇಳುತ್ತಿದ್ದವೋ ಅವರಿಗೇ ಅವು ಇಲ್ಲವಾದವು. ಹಲವು ಕಂಬಗಳು ಮರಳಿದ್ದು 2001ರಲ್ಲಿ, ನೂರು ವರ್ಷಗಳು ಕಳೆದ ಮೇಲೆ.

ಟ್ಲಿಂಗಿಟರಲ್ಲಿ ಲಾಂಛನಗಳು ಆಯಾ ಕುಲದ ಆಸ್ತಿ. ಅನುಮತಿಯಿಲ್ಲದೆ ಬೇರೆಯವರು ಅವನ್ನು ಬಳಸುವಂತಿಲ್ಲ. ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಬೆಳಕನ್ನು ರೇವನ್ ಎಂಬ ದೊಡ್ಡ ಕಾಗೆ ಲೋಕಕ್ಕೆ ತಂದ ಕಥೆಯನ್ನು ಸಿಂಗಲ್ಟರಿ ಗಾಜಿನಲ್ಲಿ ನಿರೂಪಿಸಿದರು. ಜನಾಂಗದ ಹಿರಿಯ ಕಥೆಗಾರ ವಾಲ್ಟರ್ ಪೋರ್ಟರ್ ಅದಕ್ಕೆ ಜೊತೆಯಾಗಿದ್ದರು. ಆ ಪ್ರದರ್ಶನ 2018ರಲ್ಲಿ ಟಕೋಮಾದ ಗಾಜಿನ ಮ್ಯೂಸಿಯಂನಲ್ಲಿ ಆರಂಭವಾಯಿತು. ಮರ ಹೋಯಿತು, ನಂಟು ಉಳಿಯಿತು.

ಗಾಜು ಊದುವ ವಿದ್ಯೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಿರಿಯಾ, ಫೆಲೆಸ್ತೀನ್ ತೀರದಲ್ಲಿ ಹುಟ್ಟಿತು. ವೆನಿಸ್‌ನಲ್ಲಿ ಬೆಳೆದು, ಸಿಯಾಟಲ್‌ಗೂ ಬಂತು. ಕಸುಬು ಹೀಗೆ ಕಲಿತವರೆಲ್ಲರದು. ಒಂದು ಕುಲದ ಗುರುತು ಹಾಗಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗಲೇ ನಾವು ಎಡವುತ್ತೇವೆ. ಒಮ್ಮೆ ಹೊಸತನ್ನೆಲ್ಲ ಬೆರಕೆ ಎಂದು ಹಳಿಯುತ್ತೇವೆ, ಇನ್ನೊಮ್ಮೆ ಕಂಡದ್ದನ್ನೆಲ್ಲ ನಮ್ಮದೆಂದು ಬಾಚಿಕೊಳ್ಳುತ್ತೇವೆ.

ಕುಲದ ಗುರುತು ಹಣವಂತರ ದಿವಾನಖಾನೆಯ ಅಲಂಕಾರವಾದರೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಆಗಲೂ ಇದ್ದೇ ಇರುತ್ತದೆ. ಅದನ್ನು ಮರದ ಕಂಬಕ್ಕೂ ಕೇಳಬೇಕು, ಗಾಜಿನ ಕಾಗೆಗೂ ಕೇಳಬೇಕು. ಉತ್ತರಿಸುವ ಹಕ್ಕು ಮಾತ್ರ ಆ ಕಥೆಯ ವಾರಸುದಾರರದು.