ಪರೋಪಕಾರಕ್ಕೊಂದು ತಕ್ಕಡಿ

ಅಕ್ಕಿಗೆ ತಕ್ಕಡಿಯುಂಟು, ಜ್ವರಕ್ಕೆ ಥರ್ಮಾಮೀಟರು ಉಂಟು. ಕೂಲಿ ಕೇಳದೆ ಪರರ ಕೆಲಸಕ್ಕೆ ಹೋಗುವವನು ಏಕೆ ಹೋಗುತ್ತಾನೆ ಎಂಬುದನ್ನು ಅಳೆಯುವ ಸಾಧನವೂ ಒಂದುಂಟೆಂದರೆ ಕೆಲವರಿಗೆ ನಗು ಬಂದೀತು. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಿಲ್ ಕ್ಲೇರಿ, ಮಾರ್ಕ್ ಸ್ನೈಡರ್ ಮೊದಲಾದವರು ಅಂಥದೊಂದನ್ನು ಪ್ರಕಟಿಸಿದರು. ಅದರಲ್ಲಿ 30 ವಾಕ್ಯಗಳಿವೆ. ಪ್ರತಿಯೊಂದೂ ತನಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂದು ಯೋಚಿಸಿ ಸ್ವಯಂಸೇವಕನು 1ರಿಂದ 7ರವರೆಗೆ ಅಂಕ ಕೊಡಬೇಕು. ಕೂಡಿ ನೋಡಿದರೆ ಆರು ಪ್ರೇರಣೆಗಳ ಬಲಾಬಲ ಹೊರಬೀಳುತ್ತದೆ: ಪರರ ಮೇಲಿನ ಕನಿಕರ, ಹೊಸದನ್ನು ಕಲಿಯುವ ಆಸೆ, ನಾಲ್ಕು ಜನರ ಒಡನಾಟ, ಮುಂದಿನ ನೌಕರಿಗೆ ಅನುಕೂಲ, ಸ್ವಂತ ದುಗುಡದಿಂದ ಬಿಡುಗಡೆ, ತನ್ನ ಬಗ್ಗೆ ತನಗೇ ಹುಟ್ಟುವ ಮೆಚ್ಚಿಕೆ.

ಆರರಲ್ಲಿ ಐದು ಸ್ವಂತದ ಖಾತೆಗೇ ಸೇರುತ್ತವೆಂಬುದನ್ನು ಓದುಗರು ಗಮನಿಸಿರಬಹುದು. ನಿಷ್ಕಾಮಕರ್ಮದ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಇದು ಸೇವೆಗೆ ಮಾಡಿದ ಅಪಚಾರದಂತೆ ಕಾಣುತ್ತದೆ. ಜರ್ಮನಿಯ ಕಾಂಟ್ ಇನ್ನೂ ಕಠಿಣ. ತನ್ನ ಲಾಭ ನೋಡಿಕೊಂಡು ಎಲ್ಲರಿಗೂ ಒಂದೇ ಬೆಲೆ ಹೇಳುವ ಅಂಗಡಿಯವನ ಪ್ರಾಮಾಣಿಕತೆಗೆ ನೈತಿಕ ಮೌಲ್ಯವಿಲ್ಲವೆಂದು ಅವನು 1785ರಲ್ಲಿ ಬರೆದ. ಆದರೆ ಅದೇ ಗ್ರಂಥದಲ್ಲಿ, ಎಷ್ಟು ಶೋಧಿಸಿಕೊಂಡರೂ ನಮ್ಮ ಗುಪ್ತ ಪ್ರೇರಣೆಗಳ ತಳವನ್ನು ನಾವು ಮುಟ್ಟಲಾರೆವೆಂದೂ ಒಪ್ಪಿಕೊಂಡ. ಹಾಗಿದ್ದರೆ 30 ವಾಕ್ಯಗಳಿಗೆ ಅಂಕ ಕೊಡುವವನು ಅಳೆಯುವುದಾದರೂ ಏನನ್ನು? ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕತೆಯನ್ನು ಎಂದೇ ನನಗೆ ತೋರುತ್ತದೆ. ಆ ಕತೆಯೂ ನಿರುಪಯೋಗಿಯಲ್ಲ. ಯಾರನ್ನು ಯಾವ ಕೆಲಸಕ್ಕೆ ಹಚ್ಚಬಹುದೆಂದು ತಿಳಿಯಲು ಸಂಸ್ಥೆಗಳಿಗೆ ಅಷ್ಟು ಸಾಕು.

ಅಳತೆಯ ಫಲ ಕೆಲವೊಮ್ಮೆ ನಮ್ಮ ನೀತಿಬೋಧೆಗೆ ತಿರುಗಿ ನಿಲ್ಲುತ್ತದೆ. ಏಡ್ಸ್ ರೋಗಿಗಳ ಸೇವೆಗೆ ಬಂದವರನ್ನು ಒಮೊಟೊ ಮತ್ತು ಸ್ನೈಡರ್ ಎರಡೂವರೆ ವರ್ಷ ಗಮನಿಸಿ, 1995ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಕಲಿಯಬೇಕು, ಬೆಳೆಯಬೇಕು ಎಂದು ತಮಗಾಗಿ ಬಂದವರೇ ಹೆಚ್ಚು ಕಾಲ ನಿಂತಿದ್ದರು. ಹಾಗೆಂದು ಸೇವೆಗೆ ಹಣದ ಆಸೆ ತೋರಿಸಬಹುದೇ? ಸ್ವೀಡನ್ನಿನ ಯೋಟೆಬೊರಿಯಲ್ಲಿ, ರಕ್ತದಾನಿಗಳಾಗುವುದಕ್ಕಾಗಿ ಆರೋಗ್ಯ ಪರೀಕ್ಷೆಗೆ ಬನ್ನಿರೆಂದು ಕರೆದಾಗ ಹೆಂಗಸರಲ್ಲಿ ನೂರಕ್ಕೆ 52 ಮಂದಿ ಒಪ್ಪಿದರು. 50 ಕ್ರೋನರ್ ಕೊಡುತ್ತೇವೆಂದಾಗ ಒಪ್ಪಿದವರು 30 ಮಂದಿ. ಆ ಹಣವನ್ನು ಧರ್ಮಕ್ಕೆ ಬಿಡಬಹುದೆಂದಾಗ ಸಂಖ್ಯೆ ಮತ್ತೆ ಮೇಲೇರಿತು. ಇದು 2008ರಲ್ಲಿ ಪ್ರಕಟವಾದ ಲೆಕ್ಕ. ಗಂಡಸರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಏಕೆಂದು ಹೆಂಗಸರೇ ಊಹಿಸಲಿ.

ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ, ಗಾಂಧೀಜಿಯವರ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದ ವಿದ್ಯಾರ್ಥಿಗೆ ಪ್ರಮಾಣಪತ್ರ. ನನ್ನ ನೆರೆಮನೆಯ ಹುಡುಗನೊಬ್ಬ ಈ ಗಂಟೆಗಳಿಗಾಗಿಯೇ, ಮುಚ್ಚುಮರೆಯಿಲ್ಲದೆ, ಅಂಧ ವಿದ್ಯಾರ್ಥಿಯೊಬ್ಬನಿಗೆ ಅರ್ಥಶಾಸ್ತ್ರದ ಪಾಠಗಳನ್ನು ಓದಿ ಹೇಳಲು ಹೋಗುತ್ತಿದ್ದ. ಪುಸ್ತಕದ ಜೊತೆಗೆ ಒಂದು ಲೆಕ್ಕದ ಡೈರಿಯೂ ಹೋಗುತ್ತಿತ್ತು. ಇದೆಂಥ ಸೇವೆಯೆಂದು ಅವನ ತಂದೆಯೇ ಹಂಗಿಸುತ್ತಿದ್ದರು. ನಾನು ಆ ಅಂಧ ಯುವಕನನ್ನು ಒಮ್ಮೆ ಕೇಳಿದೆ. “ಗಂಟೆ ಎಣಿಸಿಕೊಂಡು ಬಂದವರು ಓದುವ ಧ್ವನಿಯಲ್ಲೇ ಗೊತ್ತಾಗುತ್ತಾರೆ ಸಾರ್. ಆದರೆ ಅವರು ಹೇಳಿದ ಹೊತ್ತಿಗೆ ಬರುತ್ತಾರೆ. ಅಯ್ಯೋ ಪಾಪ ಎಂದು ಬಂದವರು ನಾಲ್ಕು ವಾರ ಬಂದು ನಿಲ್ಲಿಸಿಬಿಡುತ್ತಾರೆ” ಎಂದ.

ಈ ಮಾತಿಗೆ ಕಾಂಟ್ ಏನು ಹೇಳುತ್ತಿದ್ದನೋ ತಿಳಿಯದು. ದಾನ ಮಾಡುವವನ ಆತ್ಮಶುದ್ಧಿಯ ಚಿಂತೆಯಲ್ಲಿ, ಪರೀಕ್ಷೆ ಹತ್ತಿರ ಬಂದು ಕಾದು ಕುಳಿತವನನ್ನು ನಾವು ಮರೆಯುತ್ತೇವೆಂದು ಮಾತ್ರ ನನಗೆ ಅನ್ನಿಸಿತು. ಅವನಿಗೆ ಸಲ್ಲಬೇಕಾದುದು ಹತ್ತು ಗಂಟೆಗೆ ಬಂದು ಕೂರುವ ಒಬ್ಬ ಮನುಷ್ಯ.

ಹುಡುಗನ 240 ಗಂಟೆ ಮುಗಿದ ಮರುವಾರವೂ ಅವನು ಪುಸ್ತಕ ಹಿಡಿದು ಹೊರಟದ್ದನ್ನು ಕಂಡೆ. ಡೈರಿ ಇರಲಿಲ್ಲ. ಇನ್ನೇಕಪ್ಪಾ ಎಂದರೆ, “ಬ್ಯಾಂಕಿಂಗ್ ಪಾಠ ಅರ್ಧಕ್ಕೆ ನಿಂತಿದೆ, ಅಂಕಲ್” ಎಂದು ಬೈಸಿಕಲ್ ಹತ್ತಿದ. ಆ ಉತ್ತರವನ್ನು ಆರು ಕಲಮುಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂದು ನಾನಿನ್ನೂ ಹುಡುಕುತ್ತಿದ್ದೇನೆ.