ಕೇಳುವವರು ನಿಂತ ಜಾಗ

ನಮ್ಮಂಥವರ ಮನೆಗೆ ಸ್ಟೀರಿಯೋ ಸ್ಪೀಕರು ಬಂದರೆ, ಅದರೊಂದಿಗೆ ಎರಡು ಅಭಿಪ್ರಾಯಗಳೂ ಬರುತ್ತವೆ. ನಡುಮನೆಯಲ್ಲಿ ಕುಳಿತವರು ‘ಎಷ್ಟು ಸ್ಪಷ್ಟ!’ ಎನ್ನುತ್ತಾರೆ. ಒಲೆಯ ಮುಂದಿರುವವಳು ‘ಬರೀ ಗುಂಯ್ ಗುಂಯ್, ಮಾತೇ ತಿಳಿಯೋಲ್ಲ’ ಎನ್ನುತ್ತಾಳೆ. ‘ನಿನಗೆ ಇದೆಲ್ಲ ಗೊತ್ತಾಗೋಲ್ಲ ಬಿಡು’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ.

ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಮಂದ್ರದ ದನಿ ಗೋಡೆ ದಾಟಿ, ಬಾಗಿಲು ಬಳಸಿ ಬರುತ್ತದೆ. ಹಾಡಿನ ಅಕ್ಷರಗಳನ್ನು ಬಿಡಿಸಿ ಕೇಳಿಸುವ ಮೇಲಿನ ದನಿಗಳು ಪರದೆ, ಗೋಡೆಗಳಲ್ಲೇ ಇಂಗಿಹೋಗುತ್ತವೆ. ಕಿವಿಗೂ ವಯಸ್ಸಿದೆ. ಎಳೆಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಕಂಪನ ಕೇಳಿಸುತ್ತದೆ. ವಯಸ್ಸಾದಂತೆ ಆ ಮೇಲ್ತುದಿಯೇ ಮೊದಲು ಕಳೆದುಹೋಗುತ್ತದೆ. ಸದ್ದು ತಗ್ಗಿಸಿದಾಗ ಕಿವಿಗೆ ಮಂದ್ರವೇ ಹೆಚ್ಚು ಕುಗ್ಗಿ ಕೇಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಪೆಟ್ಟಿಗೆ ಒಂದೇ, ಕೇಳಿದ್ದು ಒಂದೇ ಅಲ್ಲ.

ಹಾಗಾದರೆ ಸರಿ–ತಪ್ಪು ಎಂಬುದೇ ಇಲ್ಲವೇ? ಇದೆ. ಸ್ಪೀಕರು ಹರಿದು ಕರಕರ ಎಂದರೆ ಅದು ಎಲ್ಲರಿಗೂ ಕರ್ಕಶವೇ. ಆದರೆ ಇಬ್ಬರೂ ತಂತಮ್ಮ ಜಾಗದಿಂದ ನಿಜವನ್ನೇ ಹೇಳುತ್ತಿರುವಾಗ, ಒಬ್ಬರ ಕುರ್ಚಿಯನ್ನೇ ಅಳತೆಗೋಲು ಮಾಡುವುದು ನ್ಯಾಯವಲ್ಲ. ‘ನಿನಗೆ ತಿಳಿಯೋಲ್ಲ’ ಎನ್ನುವ ಮೊದಲು ‘ನಿನಗೆ ಅಲ್ಲಿ ಏನು ಕೇಳಿಸುತ್ತಿದೆ?’ ಎಂದು ವಿಚಾರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಒಂದು ಹಾಡನ್ನಾದರೂ ಕುಳಿತು ಪೂರ್ತಿ ಕೇಳುವಷ್ಟು ಬಿಡುವು ಅವಳಿಗೂ ಸಿಗಬೇಕು.