ಪನ್ನೀರೂ ಶೌಚಧರ್ಮವೂ

ನಶ್ವರವೆಂದು ಶಾಸ್ತ್ರಗಳು ಸಾರುವ ಈ ಶರೀರಕ್ಕೆ ನಿತ್ಯವೂ ಎಣ್ಣೆಯೊತ್ತಿ, ಹಿಟ್ಟು ತಿಕ್ಕಿ, ಮೀಯಿಸಿ, ಕಡೆಗೆ ಮುಖಕ್ಕೆ ಪನ್ನೀರನ್ನೂ ಸವರುವುದು ಧರ್ಮವೋ ವ್ಯಾಮೋಹವೋ ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದಾದರೂ, ದೇಹದೊಡನೆ ಮನುಷ್ಯನಿಗಿರಬೇಕಾದ ಸಂಬಂಧವೆಂಥದು ಎಂಬ ಪುರಾತನ ಜಿಜ್ಞಾಸೆಗೆ ಅದು ಸೇರಿದ್ದು.

ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ 2ನೆಯ ಅಧ್ಯಾಯವು ದಿನಚರ್ಯೆಗೆ ಮೀಸಲಾದುದು. ಅಭ್ಯಂಗ, ವ್ಯಾಯಾಮ, ಉದ್ವರ್ತನ, ಸ್ನಾನಗಳನ್ನು ಅಲ್ಲಿ ವಿಧಿಸಿದ ಆಚಾರ್ಯನು, ಅದೇ ಅಧ್ಯಾಯದಲ್ಲಿಯೇ, ಹಿಂಸೆ, ಕಳವು, ಚಾಡಿ, ಬಿರುನುಡಿ, ಸುಳ್ಳು ಮೊದಲಾದ 10 ಪಾಪಗಳನ್ನು ಕಾಯದಿಂದಲೂ ವಾಕ್ಕಿನಿಂದಲೂ ಮನಸ್ಸಿನಿಂದಲೂ ತ್ಯಜಿಸಬೇಕೆಂದು ವಿಧಿಸುತ್ತಾನೆ. ತ್ವಚೆಯ ನೈರ್ಮಲ್ಯವನ್ನೂ ಶೀಲದ ನೈರ್ಮಲ್ಯವನ್ನೂ ಒಂದೇ ದಿನದ ಕರ್ತವ್ಯಗಳನ್ನಾಗಿ ಕಂಡ ಈ ದೃಷ್ಟಿಯೇ ಆಯುರ್ವೇದದ ಹಿರಿಮೆ. ಇನ್ನು ಪನ್ನೀರು, ಎಂದರೆ ಬಟ್ಟಿಯಿಳಿಸಿದ ಗುಲಾಬಿಜಲವು, ಪಾರಸೀಕರಿಂದ ನಮ್ಮಲ್ಲಿಗೆ ಬಂದುದು. ಆದರೆ ಪರದೇಶದ್ದೆಂದು ವೈದ್ಯರು ಅದನ್ನು ದೂರವಿಡಲಿಲ್ಲ. 16ನೆಯ ಶತಮಾನದ ಭಾವಪ್ರಕಾಶವು ಗುಲಾಬಿಯನ್ನು ಶತಪತ್ರೀ ಎಂದು ಕರೆದು, ಶೀತಗುಣವುಳ್ಳದ್ದು, ವರ್ಣಕ್ಕೆ ಹಿತವಾದದ್ದು ಎಂದು ಎಣಿಸಿತು.

1490ರಿಂದ 1686ರವರೆಗೆ ಆದಿಲಶಾಹಿಗಳ ಆಳ್ವಿಕೆಯಲ್ಲಿದ್ದ ವಿಜಯಪುರದಲ್ಲಿ ಪನ್ನೀರು ದರ್ಗಾಗಳ ಉರುಸಿಗೂ ಬೇಕು, ಲಿಂಗವಂತರ ಲಗ್ನಕ್ಕೂ ಬೇಕು. ಮಂಟಪದ ಬಾಗಿಲಲ್ಲಿ ನೀಳ ಕೊರಳಿನ, ಸಣ್ಣ ರಂಧ್ರಗಳ ತಲೆಯ ಬೆಳ್ಳಿಯ ಪನ್ನೀರುದಾನಿಯನ್ನು ಹಿಡಿದು ನಿಂತ ಬಾಲೆಯು ಮಣಿಕಟ್ಟನ್ನು ಒಮ್ಮೆ ಕೊಡವಿದರೆ, ತಣ್ಣನೆಯ ಹನಿಗಳು ಬೀಗರ ಮೇಲೂ ಅಪರಿಚಿತನ ಮೇಲೂ ಸಮವಾಗಿ ಬೀಳುವುವು. ಅನ್ಯರ ಆದರಕ್ಕೆಂದು ಮನೆಗೆ ಬಂದ ಈ ದ್ರವ್ಯವನ್ನು ತನ್ನ ಕನ್ನಡಿಯ ಮುಂದೆ ಬಳಸುವವನು, ತನ್ನ ದೇಹವನ್ನೂ ಒಬ್ಬ ಅತಿಥಿಯೆಂದೇ ಉಪಚರಿಸುವುದು ಯುಕ್ತ.

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಲ್ಲಿ ವೈಶಾಖದ ಬಿಸಿಲುಂಡು ಬಂದವರ ಮುಖಕ್ಕೆ ಈ ಉಪಚಾರ ವಿಲಾಸವೆನಿಸದು. ಧೂಳನ್ನು ತೊಳೆದು, ಪನ್ನೀರಿನಲ್ಲಿ ಕಲಸಿದ ಕಡಲೆಹಿಟ್ಟನ್ನು ಮೃದುವಾಗಿ ತಿಕ್ಕಿ, ಅದು ಒಣಗುವ ಮೊದಲೇ ತೊಳೆದು, ಅರಳೆಯಲ್ಲಿ ನಾಲ್ಕು ಹನಿ ಪನ್ನೀರನ್ನು ಒತ್ತಿಕೊಂಡರೆ ಸಾಕು. ಕೃತಕ ಸುಗಂಧ ಬೆರೆಸಿದ ನೀರನ್ನು ವರ್ಜಿಸಬೇಕು. ಹೊಸದನ್ನು ಮೊದಲು ಮುಂಗೈಯ ಒಳಬದಿಗೆ ಹಚ್ಚಿ ನೋಡಬೇಕು. ಚರ್ಮರೋಗವಿದ್ದರೆ ವೈದ್ಯರನ್ನೇ ಕಾಣಬೇಕು.

ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ದೇಹವನ್ನು ಬಿಟ್ಟ ಸಿದ್ಧೇಶ್ವರ ಸ್ವಾಮಿಗಳು ಶುಭ್ರವಾದ, ಜೇಬಿಲ್ಲದ ಬಿಳಿಯ ಅಂಗಿಯನ್ನು ತೊಡುತ್ತಿದ್ದರು. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರವಾಗಲಿ, ಸ್ಮಾರಕ ಬೇಡವೆಂದು ಮುನ್ನವೇ ಬರೆದಿಟ್ಟಿದ್ದರು. ದೇಹವಿರುವಷ್ಟು ಕಾಲ ಅದನ್ನು ನಿರ್ಮಲವಾಗಿಡುವುದಕ್ಕೂ, ಅದು ತನ್ನದೆಂದು ಹಿಡಿದುಕೊಳ್ಳದಿರುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಆದ್ದರಿಂದ ಪನ್ನೀರನ್ನು ನಿಸ್ಸಂಕೋಚವಾಗಿ ಬಳಸಿರಿ. ಆದರೆ ದಿನಚರ್ಯೆಯ ಅಧ್ಯಾಯವನ್ನು ಸ್ನಾನಕ್ಕೇ ನಿಲ್ಲಿಸದೆ, ಆ 10 ವರ್ಜ್ಯಗಳವರೆಗೂ ಓದಿ ಆಚರಿಸಿರಿ.